ಮೊನಚಿಗಿಂತ ಮೊದಲು ಹಿನ್ನೆಲೆ: ಇಇಜಿ ನೋಡುವವರಿಗೆ

ಮೆದುಳಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಇಇಜಿಯನ್ನು ಮೊದಲ ಸಲ ನೋಡುವವರ ಕಣ್ಣು ನೆಟ್ಟಗೆ ಚೂಪಾದ ಗೆರೆಗಳ ಮೇಲೆ ಬೀಳುತ್ತದೆ. ಮೊನಚು ಕಂಡಲ್ಲೇ ಕಾಯಿಲೆ ಎಂಬ ಊಹೆ. ಈ ಚಟ ಬಿಟ್ಟರೇ ಓದು ಶುರು. ಶ್ರುತಿ ಕಿವಿಗೆ ಕೂರದವರಿಗೆ ಅಪಸ್ವರ ಸಿಕ್ಕದು. ಇಲ್ಲಿಯೂ ಮೊದಲು ಹಿನ್ನೆಲೆ ಕಣ್ಣಿಗೆ ಕೂರಬೇಕು. ಎಚ್ಚರವಿದ್ದು, ಕಣ್ಣು ಮುಚ್ಚಿ ಸುಮ್ಮನೆ ಮಲಗಿದ ವಯಸ್ಕರಲ್ಲಿ ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ಬರುತ್ತದೆ. ಕಣ್ಣು ಬಿಡಿ ಅಂದರೆ ಅದು ಕುಗ್ಗುತ್ತದೆ, ಮುಚ್ಚಿ ಅಂದರೆ ಮರಳುತ್ತದೆ. ಜರ್ಮನಿಯ ಯೇನಾದಲ್ಲಿ 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ ಹಾನ್ಸ್ ಬೆರ್ಗರ್, 1929ರ ತಮ್ಮ ಲೇಖನದ ನಂತರವೂ ಹಲವರ ಅನುಮಾನ ಎದುರಿಸಬೇಕಾಯಿತು. ಕೇಂಬ್ರಿಜ್‌ನ ವಿಜ್ಞಾನಿಗಳಾದ ಏಡ್ರಿಯನ್ ಮತ್ತು ಮ್ಯಾಥ್ಯೂಸ್ 1934ರಲ್ಲಿ ಅದೇ ಅಲೆಯನ್ನು ತೋರಿಸಿದ ಮೇಲೆ ಲೋಕ ಒಪ್ಪಿತು.

ಅನುಮಾನಕ್ಕೆ ಕಾರಣವೂ ಇತ್ತು. ನೆತ್ತಿಯ ಮೇಲೆ ಸಿಗುವ ವಿದ್ಯುತ್ತು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಹತ್ತಾರು ಮಾತ್ರ. ಹಲ್ಲು ಕಚ್ಚಿದರೂ, ಬೆವರಿದರೂ, ಗೋಡೆಯ ವೈರಿನ 50 ಹರ್ಟ್ಸ್ ನುಸುಳಿದರೂ ಗೆರೆ ಕುಣಿಯುತ್ತದೆ. ಎಣ್ಣೆ ಹಚ್ಚದೆ, ತಲೆ ತೊಳೆದುಕೊಂಡು ಬನ್ನಿ ಎಂದು ಟೆಕ್ನೀಶಿಯನ್ ಹೇಳುವುದು ಇದಕ್ಕೇ. ಇನ್ನೊಂದು ಸಂಗತಿ: ಪ್ರತಿ ಗೆರೆಯೂ ಎರಡು ಜಾಗಗಳ ನಡುವಿನ ವ್ಯತ್ಯಾಸ, ಒಂದೇ ಜಾಗದ ಸುದ್ದಿಯಲ್ಲ. ಆದ್ದರಿಂದ ಯಾವುದರ ಜತೆ ಯಾವುದನ್ನು ಹೋಲಿಸಿದ್ದಾರೆ ಎಂದು ಕೇಳದೆ ಮುಂದೆ ಹೋಗಬಾರದು. ಒಂದು ರೆಪ್ಪೆ ಬಡಿತವನ್ನೇ ನೋಡಿ. ಕಣ್ಣಿನ ಮುಂಭಾಗ ಹಿಂಭಾಗಕ್ಕಿಂತ ಧನಾತ್ಮಕ. ರೆಪ್ಪೆ ಮುಚ್ಚುವಾಗ ಗುಡ್ಡೆ ಮೇಲಕ್ಕೆ ಹೊರಳುತ್ತದೆ. ಹಣೆಯ ಗೆರೆಗಳೆರಡೂ ಒಟ್ಟಿಗೆ ಆಳವಾಗಿ ಕೆಳಗಿಳಿಯುತ್ತವೆ, ಏಕೆಂದರೆ ಇಇಜಿಯ ರೂಢಿಯಲ್ಲಿ ಋಣ ಮೇಲೆ, ಧನ ಕೆಳಗೆ. ಹಿಂದಿನ ಗೆರೆಗಳಿಗೆ ಅದರ ಸುಳಿವೂ ಇಲ್ಲ. ಹೊಸಬರು ಬೆಚ್ಚುವ ಈ ಗುಂಡಿ ಬರೀ ಕಣ್ಣಿನದು. ಮೆದುಳಿನಿಂದ ಬಂದ ಮೊನಚಾದರೆ ಅಕ್ಕಪಕ್ಕದ ಎಲೆಕ್ಟ್ರೋಡುಗಳಿಗೂ ಕ್ರಮವಾಗಿ ಇಳಿಮುಖವಾಗಿ ಹರಡಿರುತ್ತದೆ, ಹಿನ್ನೆಲೆಯನ್ನು ಕದಡುತ್ತದೆ, ಹೆಚ್ಚಾಗಿ ಬೆನ್ನಿಗೊಂದು ನಿಧಾನದ ಅಲೆಯನ್ನೂ ತರುತ್ತದೆ.

ಹಿನ್ನೆಲೆಗೆ ಇಷ್ಟು ಮರ್ಯಾದೆ ಕೊಟ್ಟರೆ ಮೊನಚೇ ತಪ್ಪಿಹೋಗದೇ ಎಂದು ಕೇಳಬಹುದು. ತಪ್ಪದು. ಆಬ್ಸೆನ್ಸ್ ಫಿಟ್ಸ್, ಅಂದರೆ ಕೆಲವು ಸೆಕೆಂಡು ಅರಿವು ತಪ್ಪುವ ಮೂರ್ಛೆ, ಇರುವ ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳುತ್ತಾರೆ. ಇದ್ದಕ್ಕಿದ್ದಂತೆ ಎಲ್ಲ ಗೆರೆಗಳೂ ಸೆಕೆಂಡಿಗೆ ಮೂರರಂತೆ ಮೊನಚು-ಅಲೆ ಜೋಡಿಯಾಗಿ ಏಳುತ್ತವೆ, ಮಗು ಜೋರಾಗಿ ಉಸಿರಾಡುವುದನ್ನು ನಿಲ್ಲಿಸಿ ಶೂನ್ಯ ನೋಡುತ್ತದೆ, ಕೆಲವು ಸೆಕೆಂಡಿನಲ್ಲಿ ಏನೂ ಆಗದಂತೆ ಹಿನ್ನೆಲೆ ಮರಳುತ್ತದೆ. ಹಿನ್ನೆಲೆ ತಿಳಿದವರಿಗೆ ಆ ಆರಂಭ, ಆ ಅಂತ್ಯ ಎರಡೂ ಎದ್ದು ಕಾಣುತ್ತವೆ. ಇನ್ನೂ ಗಟ್ಟಿಯಾದ ಆಕ್ಷೇಪ: ಮೂರ್ಛೆರೋಗವಿರುವ ಎಷ್ಟೋ ಜನರ ಮೊದಲ ಇಇಜಿ ಸಹಜವಾಗಿಯೇ ಬರುತ್ತದಲ್ಲ, ಮತ್ತೇಕೆ ಈ ಪಾಡು? ನಿಜ. ಅರ್ಧ ಗಂಟೆಯ ದಾಖಲೆಯಲ್ಲಿ ಮೊನಚು ಬರಲೇಬೇಕೆಂದಿಲ್ಲ. ಮೆದುಳಿನ ಮಡಿಕೆಯ ಆಳದಲ್ಲಿ ಹುಟ್ಟಿದ್ದು ನೆತ್ತಿಗೆ ತಲುಪದೆಯೂ ಇರಬಹುದು. ಅದಕ್ಕೇ ನಿದ್ದೆಗೆಡಿಸಿ ಮತ್ತೆ ದಾಖಲಿಸುತ್ತಾರೆ. ಆದರೆ ಸಹಜ ಇಇಜಿಯಿಂದ ರೋಗ ತಪ್ಪಿಸಿಕೊಳ್ಳುವುದಕ್ಕಿಂತ ನಿರುಪದ್ರವಿ ಮೊನಚನ್ನು ರೋಗವೆಂದು ಓದಿ ವರ್ಷಗಟ್ಟಲೆ ಮಾತ್ರೆ ನುಂಗಿಸುವುದು ನನಗೆ ದೊಡ್ಡ ಅಪಾಯವಾಗಿ ಕಾಣುತ್ತದೆ. ಗೆರೆಯಲ್ಲಿ ಆಲೋಚನೆಯನ್ನೇ ಓದಬಹುದೆಂಬ ಆಸೆಯೂ ಇದೇ ಜಾತಿಯದು. ಆರೋಪಿಯ ಒಪ್ಪಿಗೆಯಿಲ್ಲದೆ ಇಇಜಿ ಆಧರಿಸಿದ ‘ಬ್ರೇನ್ ಮ್ಯಾಪಿಂಗ್’ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ.