ಕಡಲು ದಾಟಿದ ಗುಡುಗುಡಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ, ನಮ್ಮ ನುಡಿ ನಮಗಿಂತಲೂ ದೂರ ಹೋಗಿ ಮೆಚ್ಚುಗೆ ಪಡೆಯಿತೆಂದರೆ ಹಿಗ್ಗಾಗುವುದು ಸಹಜ. ರಘು ದೀಕ್ಷಿತರ ವಿದೇಶ ಕಛೇರಿಗಳು ಆ ಹಿಗ್ಗನ್ನು ಕೊಟ್ಟಿವೆ. ಹಿಗ್ಗಿನ ಜೊತೆಗೆ ಒಂದು ಅಳುಕೂ ನಮ್ಮಲ್ಲಿ ಉಳಿದಿದೆ.

1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಇವರು ತಾವೇ ಹಾಡು ಕಟ್ಟಿ ಹಾಡುವವರು. ಮೊದಲ ಆಲ್ಬಂ 2008ರಲ್ಲಿ ಬಂತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿಯೂ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ನಿಲ್ಲುವ ಇವರು ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ ಪದಗಳನ್ನೂ ಹಾಡುತ್ತಾರೆ.

ಇದು ಸಣ್ಣ ಸಾಹಸವಲ್ಲ. ಕೊಲಂಬಿಯಾದ ಹುವಾನೆಸ್ ಸ್ಪ್ಯಾನಿಷ್ ಭಾಷೆಯಲ್ಲೇ ಹಾಡುತ್ತ ದೇಶದೇಶ ಸುತ್ತಿದವರು. ಆದರೆ ಸ್ಪ್ಯಾನಿಷ್ ಬಲ್ಲವರು ಹತ್ತಾರು ದೇಶಗಳಲ್ಲಿದ್ದಾರೆ. ಕನ್ನಡಕ್ಕೆ ಆ ಅನುಕೂಲವಿಲ್ಲ.

ಇನ್ನು ಹಾಡಿನ ಗುಣದ ಮಾತು. ಷರೀಫರ (1819–1889) ಗುಡುಗುಡಿ ಪದವನ್ನೇ ನೋಡೋಣ. ಹುಕ್ಕಾ ಸೇದುವ ನೆಪದಲ್ಲಿ ಮನಸ್ಸಿನ ಮೋಹವನ್ನು ಸುಟ್ಟುಬಿಡಲು ಹೇಳುವ ತತ್ತ್ವಪದ ಅದು. 1990ರ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಸಂಗೀತ ನೀಡಿದ ಸಿ. ಅಶ್ವಥ್ ಅವರ ಷರೀಫ್ ಹಾಡುಗಳಲ್ಲಿ ಮಾತು ಮುಂದೆ, ವಾದ್ಯ ಹಿಂದೆ. ದೀಕ್ಷಿತರ ತಂಡದಲ್ಲಿ ಡ್ರಮ್ಸಿನ ಲಯ ಮುಂದೆ ಓಡುತ್ತದೆ, ಮಾತು ಅದರ ಹಿಂದೆ ಏದುಸಿರು ಬಿಡುತ್ತದೆ. ಕುಣಿಯಲು ಸೊಗಸು; ನಿಂತು ಯೋಚಿಸಲು ಎಡೆಯಿಲ್ಲ. ಇದು ಕೊರತೆಯೆಂದೇ ನಮ್ಮ ಅಭಿಪ್ರಾಯ.

ಆದರೆ ತಪ್ಪನ್ನೆಲ್ಲ ಹಾಡುಗಾರನ ತಲೆಗೆ ಕಟ್ಟುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಇಲ್ಲಿ ನಾಗಪುರದಲ್ಲಿ ಒಂದು ರಾಜ್ಯೋತ್ಸವದಂದು ನಮ್ಮ ಹುಡುಗರು ಇದೇ ಹಾಡಿಗೆ ಕುಣಿದರು. ಚಪ್ಪಾಳೆಯೋ ಚಪ್ಪಾಳೆ. ಮುಗಿದ ಮೇಲೆ ಧಾರವಾಡದ ಕಡೆಯ ಹಿರಿಯರೊಬ್ಬರು ಒಬ್ಬ ಹುಡುಗನನ್ನು ಹತ್ತಿರ ಕರೆದು, "ತಮ್ಮಾ, ಗುಡುಗುಡಿ ಅಂದ್ರ ಏನು?" ಎಂದು ಕೇಳಿದರು. "ಡ್ರಮ್ಮಿನ ಸದ್ದು, ಅಜ್ಜಾ" ಎಂದ ಹುಡುಗ. ಎಲ್ಲರೂ ನಕ್ಕೆವು. ಹುಕ್ಕಾಕ್ಕೆ ಮರಾಠಿಯಲ್ಲಿಯೂ ಗುಡಗುಡಿ ಎನ್ನುತ್ತಾರೆ. ಪಕ್ಕದ ಮನೆಯ ಮುದುಕರನ್ನು ಕೇಳಿದ್ದರೂ ತಿಳಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ಕುಣಿತ ಕಲಿಸಿದ ನಾವು ಅದೊಂದು ಮಾತನ್ನು ಹೇಳಿಕೊಟ್ಟಿರಲಿಲ್ಲ.

ಇಂಗ್ಲಿಷ್ ಶ್ರೋತೃಗಳಿಗೆ ದೀಕ್ಷಿತರು ಹಾಡಿಗೆ ಮುನ್ನ ಅದರ ಅರ್ಥವನ್ನು ಎರಡು ಮಾತಿನಲ್ಲಿ ಹೇಳುವುದುಂಟು. ಕನ್ನಡ ಬಾರದ ಪರದೇಶಿಗೆ ಸಿಕ್ಕ ಆ ಎರಡು ಮಾತು ನಮ್ಮ ಮಕ್ಕಳಿಗೆ ಸಿಕ್ಕಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ-ಇಂಗ್ಲಿಷ್ ಆಡುವ ಮಕ್ಕಳವು. ಷರೀಫರ ಹೆಸರನ್ನು ಅವರ ಕಿವಿಗೆ ಹಾಕಿದ್ದು ನಾವಲ್ಲ, ಈ ಗಿಟಾರು. ಆ ಉಪಕಾರವನ್ನು ನಾವು ಮರೆಯಬಾರದು.

ಹಾಡುಗಾರ ಬಾಗಿಲು ತೆರೆದಿದ್ದಾರೆ; ಒಳಗೆ ದೀಪ ಹಚ್ಚುವ ಕೆಲಸ ಮನೆಯವರದು. ಮುಂದಿನ ರಾಜ್ಯೋತ್ಸವಕ್ಕೂ ಮಕ್ಕಳು ಈ ಹಾಡಿಗೆ ಧಾರಾಳವಾಗಿ ಕುಣಿಯಲಿ. ಅದಕ್ಕೆ ಮೊದಲು ಅವರಲ್ಲೊಬ್ಬರು ಧ್ವನಿವರ್ಧಕದ ಮುಂದೆ ನಿಂತು, ಗುಡುಗುಡಿ ಎಂದರೇನು, ಅದರಲ್ಲಿ ಸುಡಬೇಕಾದದ್ದೇನು ಎಂದು ತಮ್ಮದೇ ಕನ್ನಡದಲ್ಲಿ ಹೇಳಲಿ. ತೊದಲಿದರೂ ಚಿಂತೆಯಿಲ್ಲ.