ಬಿಜ್ಜಳವಧೆಯ ಕಥೆಗಳಲ್ಲಿ ರಾಜಾಪರಾಧವಿಚಾರ

ಬಾಗೇವಾಡಿಯಿಂದ ನಿಡಗುಂದಿಯ ಮೇಲೆ ಹಾದು, ಕೃಷ್ಣೆಯನ್ನು ದಾಟಿ ಕೂಡಲಸಂಗಮವನ್ನು ಸೇರುವ ಸೀಮೆಯಲ್ಲಿ ಬಸವೇಶ್ವರರ ಕಥೆಯನ್ನರಿಯದವರಿಲ್ಲ. ಆ ಕಥೆಯ ತುದಿಯಲ್ಲಿ ಬರುವ ಬಿಜ್ಜಳವಧೆಯನ್ನು ಮತದ್ವೇಷದ ಫಲವೆಂದೋ ಶಿವಾಪರಾಧಕ್ಕೆ ತಕ್ಕ ಶಾಸ್ತಿಯೆಂದೋ ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಅದರಲ್ಲಿ ಅಡಗಿರುವ ಪ್ರಶ್ನೆಯಾದರೋ ಬೇರೆ: ದಂಡಧರನಾದ ಅರಸನೇ ಅಪರಾಧಿಯಾದರೆ ಅವನನ್ನು ವಿಚಾರಿಸತಕ್ಕವರು ಯಾರು?

ಈ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವಲ್ಲಿ ಅರಸನಿಗೆ ಸಾವಿರವೆಂದು ಮನುಸ್ಮೃತಿ ವಿಧಿಸುತ್ತದೆ. ಅದನ್ನು ವಸೂಲು ಮಾಡತಕ್ಕವನಾರೆಂಬುದನ್ನು ಆ ಶ್ಲೋಕವು ಹೇಳದು. ವೇನನ ಉಪಾಖ್ಯಾನದಲ್ಲಿ ಋಷಿಗಳೇ ಅರಸನನ್ನು ಕೊಲ್ಲಬೇಕಾಯಿತು. ರಾಜಪದವಿಯು ಅಪರಾಧಕ್ಕೆ ಕವಚವಾಗದೆಂಬ ನಿಯಮವು ರಾಷ್ಟ್ರಗಳ ನಡುವಣ ಕಾನೂನಿನಲ್ಲಿ 1945ರ ನ್ಯೂರೆಂಬರ್ಗ್ ಸನ್ನದಿನಲ್ಲಿ ಸ್ಪಷ್ಟವಾಗಿ ಮೂಡಿತು. 1998ರ ರೋಮ್ ಒಪ್ಪಂದದ 27ನೆಯ ವಿಧಿಯಲ್ಲಿ ನೆಲೆಗೊಂಡಿತು. ಭಾರತವು ಆ ಒಪ್ಪಂದಕ್ಕೆ ಸೇರಿಲ್ಲ.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಪುರಾಣವು ಈ ನಿಯಮದ ಅರ್ಧಭಾಗವನ್ನು ಆಗಲೇ ಒಪ್ಪಿಕೊಂಡಿದೆ. ಹರಳಯ್ಯ ಮಧುವಯ್ಯರ ಕಣ್ಣು ಕೀಳಿಸಿದ್ದು ರಾಜ್ಯದ ಕಾರ್ಯವಲ್ಲ, ಬಿಜ್ಜಳನೆಂಬ ವ್ಯಕ್ತಿಯ ಕೃತ್ಯ. ಆದುದರಿಂದ ಹೊಣೆ ಅವನದೇ. ಉಳಿದರ್ಧವು ಅಲ್ಲಿಲ್ಲ. ಬಸವಣ್ಣನು ಜಗದೇವನಿಗೆ ವಧೆಯ ಕಾರ್ಯವನ್ನೊಪ್ಪಿಸಿ, ಕಲ್ಯಾಣವನ್ನು ಶಪಿಸಿ ಸಂಗಮಕ್ಕೆ ತೆರಳುತ್ತಾನೆ. ನೊಂದವರ ಪಕ್ಷದ ನಾಯಕನೇ ತೀರ್ಪುಗಾರನಾಗುತ್ತಾನೆ. ಆರೋಪಿಗೆ ಒಂದು ಮಾತನಾಡುವ ಅವಕಾಶವೂ ಇಲ್ಲ. ಲೈಬೀರಿಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರನಿಗೆ 2012ರಲ್ಲಿ ಐವತ್ತು ವರ್ಷಗಳ ಸೆರೆಯಾಯಿತು. ಅವನು ಪದವಿಯ ರಕ್ಷಣೆಯನ್ನು ಬೇಡಿದ್ದನು, ವಕೀಲರನ್ನಿಟ್ಟಿದ್ದನು, ತಾನೇ ಸಾಕ್ಷಿ ನುಡಿದಿದ್ದನು. ಪುರಾಣದ ಬಿಜ್ಜಳನಿಗೆ ಇವೊಂದೂ ದೊರೆಯಲಿಲ್ಲ.

ಕೇಳದೆ ಬಿಟ್ಟ ಈ ಮಾತನ್ನು ಎದುರುಪಕ್ಷವು ಬೇರೊಂದು ಕಥೆಯಾಗಿ ಹೇಳಿತು. ಜೈನಪರಂಪರೆಯ ಬಿಜ್ಜಳರಾಯಚರಿತೆಯಲ್ಲಿ ಅರಸನು ವಿಷದ ಹಣ್ಣಿನಿಂದ ಸಾಯುತ್ತಾನೆ. ಅಪರಾಧಿಯ ಸ್ಥಾನದಲ್ಲಿ ಬಸವಣ್ಣನೇ ನಿಲ್ಲುತ್ತಾನೆ. ಬಿಜ್ಜಳನು ಮಗ ಸೋವಿದೇವನಿಗೆ ರಾಜ್ಯವನ್ನೊಪ್ಪಿಸಿದನೆಂದು ಶಾಸನಾಧಾರದಿಂದ ವಾದಿಸುವ ವಿದ್ವಾಂಸರೂ ಇದ್ದಾರೆ. ಹರಿಹರನ ಬಸವರಾಜದೇವರ ರಗಳೆಯ ಹದಿಮೂರು ಸ್ಥಲಗಳು ಮಾತ್ರ ದೊರೆತಿರುವುದರಿಂದ, ಹತ್ತಿರದ ಕಾಲದ ಕವಿಯ ಸಾಕ್ಷ್ಯವು ಇಲ್ಲಿ ನೆರವಾಗದು.

ಇವೆಲ್ಲಕ್ಕಿಂತ ನ್ಯಾಯದೃಷ್ಟಿಯಲ್ಲಿ ಸೂಕ್ಷ್ಮವಾದ ಕೃತಿ ಗಿರೀಶ ಕಾರ್ನಾಡರ ‘ತಲೆದಂಡ’ (1990). ಅಲ್ಲಿ ಸೋವಿದೇವನು ತಂದೆಯನ್ನು ಸೆರೆಯಲ್ಲಿಟ್ಟು ಗದ್ದುಗೆಯೇರಿದ ಮೇಲೆ ಹರಳಯ್ಯ ಮಧುವರಸರಿಗೆ ಆ ಘೋರ ಶಿಕ್ಷೆಯಾಗುತ್ತದೆ. ಜಗದೇವನ ಕತ್ತಿ ಬೀಳುವುದು ಮಾತ್ರ ಅಧಿಕಾರ ಕಳೆದುಕೊಂಡ ಬಿಜ್ಜಳನ ಮೇಲೆ! ಆಜ್ಞೆ ಮಾಡಿದವನೊಬ್ಬ, ತಲೆ ತೆತ್ತವನು ಮತ್ತೊಬ್ಬ. ವಿಚಾರಣೆಯಿಲ್ಲದ ದಂಡನೆಯು ಎಲ್ಲಿ ದಾರಿ ತಪ್ಪುವುದೆಂಬುದನ್ನು ಈ ಒಂದು ಪಲ್ಲಟದಿಂದ ನಾಟಕಕಾರರು ಕಣ್ಣಿಗೆ ಕಟ್ಟುವಂತೆ ಮಾಡಿದ್ದಾರೆ. ಪುರಾಣದಲ್ಲಿ ವಧೆಗೆ ನಿಯಮಿಸಿದ ಬಸವಣ್ಣನು ಇಲ್ಲಿ ಹಿಂಸೆಯನ್ನೇ ಒಲ್ಲದವನಾಗಿರುವುದೂ ಇದಕ್ಕೆ ಹೊಂದುತ್ತದೆ.

ನಾಟಕದಲ್ಲಿ ಕೊರತೆಯಿಲ್ಲದಿಲ್ಲ. ಬಿಜ್ಜಳನ ಪಾತ್ರಕ್ಕೆ ದೊರೆತ ಮಾಂಸರಕ್ತಗಳು ಸೋವಿದೇವನಿಗೆ ದೊರೆತಿಲ್ಲ. ತಂದೆಯ ತಿರಸ್ಕಾರಕ್ಕೆ ಪಾತ್ರನಾದ ದುರ್ಬಲನನ್ನಾಗಿ, ದಾಮೋದರ ಭಟ್ಟನ ಬುದ್ಧಿಗೆ ಒಳಗಾದವನನ್ನಾಗಿ ಅವನನ್ನು ಚಿತ್ರಿಸಿದ್ದರಿಂದ, ಹೊಣೆ ಅವನದೋ ಮಂತ್ರಾಲೋಚನೆಯದೋ ಎಂಬುದು ಮಸುಕಾಗಿದೆ. ಪುರಾಣಕವಿಗೆ ಈ ಸಂದಿಗ್ಧವಿರಲಿಲ್ಲ. ಅವನ ಬಿಜ್ಜಳನು ತಿಳಿದೇ ಆಜ್ಞೆ ಮಾಡಿದವನು. ಶರಣರ ಮೇಲೆ ಸೈನ್ಯವನ್ನು ಬಿಟ್ಟ ಸೋವಿದೇವನಾದರೋ ನಾಟಕವು ಮುಗಿಯುವಾಗ ಸಿಂಹಾಸನದ ಮೇಲೆಯೇ ಇದ್ದಾನೆ.