ಮೋನೆಯ ಮೆದೆಚಿತ್ರಗಳು: ಕ್ಷಣವೂ ಮಾಲೆಯೂ

ಇಂಪ್ರೆಷನಿಸ್ಟ್ ಪಂಥದ ಚಿತ್ರಕಾರರು ಬಯಲಿನಲ್ಲಿ ನಿಂತು, ಕಣ್ಣಿಗೆ ಬಿದ್ದ ಬೆಳಕನ್ನು ಆ ಕ್ಷಣದಲ್ಲಿಯೇ ಪಟದ ಮೇಲೆ ಹಿಡಿದಿಟ್ಟರೆಂಬುದು ರೂಢಿಯ ಮಾತು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. 1841ರಲ್ಲಿ ತವರದ ಕೊಳವೆಯಲ್ಲಿ ತುಂಬಿದ ಬಣ್ಣವು ಬಂದುದರಿಂದ ಹೊರಾಂಗಣದ ಕೆಲಸ ಸುಲಭವಾಯಿತು. 1869ರ ಬೇಸಗೆಯಲ್ಲಿ ಕ್ಲೋಡ್ ಮೋನೆಯೂ ರೆನ್ವಾರನೂ ಸೇನ್ ನದಿಯ ದಡದಲ್ಲಿ ಒಂದೇ ನೋಟವನ್ನು ಅಕ್ಕಪಕ್ಕದಲ್ಲಿ ಕುಳಿತು ಬರೆದರು. ಆದರೆ ಇದೇ ಸೂತ್ರವನ್ನು ಮೋನೆಯ ಪ್ರೌಢಕೃತಿಗಳಿಗೂ ಅನ್ವಯಿಸುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. 1890–91ರಲ್ಲಿ ಆತನು ಝಿವರ್ನಿಯ ತನ್ನ ಮನೆಯ ಬಳಿಯ ಹೊಲದಲ್ಲಿ ಆರಂಭಿಸಿದ ಚಿತ್ರಮಾಲೆಯೇ ಇದಕ್ಕೆ ಸಾಕ್ಷಿ.

ಇಂಗ್ಲಿಷಿನ ಬಳಕೆಯನ್ನನುಸರಿಸಿ ಇವನ್ನು ‘ಹುಲ್ಲಿನ ಬಣವೆ’ಗಳೆನ್ನುವುದುಂಟು. ಚಿತ್ರದಲ್ಲಿರುವುದಾದರೋ ಒಕ್ಕದಿರುವ ಗೋಧಿಯ ಕಟ್ಟುಗಳ ರಾಶಿ. ನಮ್ಮ ರೈತನು ಇದನ್ನು ಮೆದೆಯೆಂದಾನೇ ಹೊರತು ಬಣವೆಯೆನ್ನಲಾರನು. ಇದು ಬರಿಯ ಶಬ್ದವಿಚಾರವಲ್ಲ. ಮೆದೆಯು ಒಕ್ಕಣೆಯಾಗುವವರೆಗೆ ತಿಂಗಳುಗಟ್ಟಲೆ ಕದಲದೆ ನಿಲ್ಲುವುದು. ಸುಗ್ಗಿಯ ಬಿಸಿಲಿನಿಂದ ಹಿಮದವರೆಗೆ ಬೆಳಕು ಬದಲಾಗುತ್ತಿರಲು, ವಸ್ತುವೊಂದು ಬದಲಾಗದೆ ನಿಂತುದೇ ಈ ಪರೀಕ್ಷೆಗೆ ಆಧಾರವಾಯಿತು.

ಹಿಮದ ಮೇಲಣ ನೆರಳನ್ನೇ ನೋಡಬಹುದು. ಚಿತ್ರಶಾಲೆಯ ಸಂಪ್ರದಾಯದಲ್ಲಿ ನೆರಳೆಂದರೆ ಕಂದು ಅಥವಾ ಕಪ್ಪು. ಮೋನೆಯಲ್ಲಿ ಅದು ನೀಲಿ, ಕೆಲವೆಡೆ ನೇರಳೆ. ಸೂರ್ಯನು ಮರೆಯಾದ ಸ್ಥಳಕ್ಕೆ ಆಕಾಶದ ಬೆಳಕು ಮಾತ್ರ ತಲಪುವುದರಿಂದ ಅಲ್ಲಿ ನೀಲಿ ಇರುವುದು ದಿಟ. ಆದರೆ ಪಕ್ಕದ ಬಿಸಿಲು ಕಿತ್ತಳೆಯಾದಷ್ಟೂ ಕಣ್ಣಿಗೆ ಆ ನೀಲಿಯು ಹೆಚ್ಚುವುದು. ವರ್ಣಗಳ ಈ ಪರಸ್ಪರ ಪ್ರಭಾವವನ್ನು ಶೆವ್ರಲನು 1839ರಲ್ಲಿಯೇ ವಿವರಿಸಿದ್ದನು. ಮೊದಲನೆಯದು ಹೊಲದಲ್ಲಿ ನಡೆಯುವುದು, ಎರಡನೆಯದು ನೋಡುವವನಲ್ಲಿ. ಮೋನೆಯು ಇವೆರಡನ್ನು ಬೇರ್ಪಡಿಸಲಿಲ್ಲ. ಅದರ ಅಗತ್ಯವೂ ಅವನಿಗಿರಲಿಲ್ಲ. ಈ ಚಿತ್ರಗಳನ್ನು ‘ವೈಜ್ಞಾನಿಕ’ವೆಂದು ಹೊಗಳುವವರು ಮಾತ್ರ ಬೇರ್ಪಡಿಸಿ ನೋಡಬೇಕಾಗಿತ್ತು.

ಇನ್ನು ಕ್ಷಣದ ಪ್ರಶ್ನೆ. 1890ರ ಅಕ್ಟೋಬರಿನಲ್ಲಿ ವಿಮರ್ಶಕ ಝೆಫ್ರ್ವಾಗೆ ಬರೆದ ಪತ್ರದಲ್ಲಿ, ಸೂರ್ಯನು ಬೇಗ ಇಳಿಯುವುದರಿಂದ ಅವನನ್ನು ಹಿಂಬಾಲಿಸಲಾರೆನೆಂದು ಮೋನೆಯು ಹಲುಬಿದನು. ಅವನು ಹಿಡಿದ ಉಪಾಯವು ಹಲವು ಪಟಗಳನ್ನು ಜೊತೆಯಲ್ಲಿಟ್ಟುಕೊಂಡು, ಬೆಳಕು ಬದಲಾದಂತೆ ಪಟವನ್ನೂ ಬದಲಿಸುವುದು. ಒಂದೊಂದು ‘ಕ್ಷಣ’ವೂ ಹೀಗೆ ಅನೇಕ ದಿನಗಳ ಕೂಡಿಕೆ. ರುವಾನ್ ಚರ್ಚಿನ ಚಿತ್ರಗಳನ್ನಂತೂ 1892–93ರಲ್ಲಿ ಸ್ಥಳದಲ್ಲಿ ಬರೆದು, ಝಿವರ್ನಿಯ ಚಿತ್ರಶಾಲೆಯಲ್ಲಿ ತಿದ್ದಿ, 1894ರ ತಾರೀಕನ್ನು ಹಾಕಿದನು. ಇದನ್ನು ಕಪಟವೆನ್ನುವುದು ಅವಿಚಾರ. ಒಂದು ಬೆಳಕು ಏನೆಂಬುದು ಇನ್ನೊಂದರ ಪಕ್ಕದಲ್ಲಿಟ್ಟಾಗಲೇ ತಿಳಿಯುವುದಾದರೆ, ಹೋಲಿಕೆಗೆ ಒಳಾಂಗಣವೇ ತಕ್ಕ ಸ್ಥಳ.

1891ರ ಮೇ ತಿಂಗಳಿನಲ್ಲಿ ಪ್ಯಾರಿಸಿನ ದ್ಯುರಾಂ-ರ್ಯುಯೆಲನ ಅಂಗಡಿಯಲ್ಲಿ 15 ಮೆದೆಚಿತ್ರಗಳು ಒಟ್ಟಾಗಿ ಪ್ರದರ್ಶಿತವಾದುವು. ಬಳಿಕ ಅವು ಕೊಂಡವರ ಪಾಲಾಗಿ ಚೆದುರಿದುವು. ಷಿಕಾಗೋ ನಗರದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಈ ಮಾಲೆಯ 6 ಚಿತ್ರಗಳು ಕೂಡಿಕೊಂಡಿರುವುದು ವಿಶೇಷ. 1896ರಲ್ಲಿ ಮಾಸ್ಕೋದಲ್ಲಿ ಒಂದು ಮೆದೆಚಿತ್ರವನ್ನು ಕಂಡ ಕಾಂಡಿನ್‌ಸ್ಕಿಗೆ ಅದು ಮೆದೆಯೆಂದೇ ಮೊದಲು ಹೊಳೆಯಲಿಲ್ಲ. ವಸ್ತುವು ಬೆಳಕಿನಲ್ಲಿ ಕರಗಿತೆಂಬುದಕ್ಕೆ ಈ ಪ್ರಸಂಗವನ್ನು ವಿಮರ್ಶಕರು ಉದಾಹರಿಸುವರು. ಅವನು ಕಂಡುದು ಸಾಲಿನಿಂದ ಕಿತ್ತ ಬಿಡಿಪಟವೆಂಬುದನ್ನು ಅವರು ಗಮನಿಸಿಲ್ಲ. ಸಾಲಿನಲ್ಲಿ ನೋಡಿದವನಿಗೆ ಬದಲಾಗದೆ ಉಳಿಯುವುದು ಮೆದೆಯೊಂದೇ. ಅಲ್ಲಿ ಅದು ಕಾಣದೆ ಹೋಗುವಂತಿರಲಿಲ್ಲ.